ಸಮ ಬಂದವರ ಋಣ

ಟೀವಿಯ ಕ್ವಿಜ್‌ನಲ್ಲಿ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ ಅಂತ ಸೋಫಾ ಮೇಲೆ ಕೂತು ನೋಡುವವರು ತಿಳಿದಿರುತ್ತಾರೆ. ಇಬ್ಬರೂ ಸಮ ಬರುವುದು ಎಷ್ಟು ಮಾಮೂಲು ಅನ್ನುವುದು ನನ್ನಂಥವರಿಗಷ್ಟೇ ಗೊತ್ತು. ಪಶ್ಚಿಮ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಅಂಕ ಹಾಕುವುದು, ಅಂಕ ಸಮವಾದರೆ ಮುಂದೇನು ಅಂತ ಹೇಳುವುದು ನನ್ನ ಕೆಲಸ. ಹೀಗೆ ಸಮ ಬಂದು ಟೈ ಆದಾಗಲೆಲ್ಲ ಉಳಿದವರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ; ನಾನು ಮಾತ್ರ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಗ್ರೀನ್‌ಫರ್ಡ್‌ನ ನಮ್ಮ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗುವುದು ಅದರ ದಯೆಯಿಂದಲೇ.

೧. ಉತ್ತರ ಯಾರಿಗೂ ಗೊತ್ತಿಲ್ಲ

ಈ ಕೆಲಸ ಸಿಕ್ಕಿದ್ದೂ ಟೈ ಆಗಿಯೇ. ನಾನು ಹೌನ್ಸ್ಲೋದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದ ಸಣ್ಣ ಕಂಪನಿ ಬಾಗಿಲು ಹಾಕಿತ್ತು. ವೀಸಾ ಚಿಂತೆ ಮುಗಿದಿದ್ದರೂ ಕೆಲಸದ ಚಿಂತೆ ಮುಗಿದಿರಲಿಲ್ಲ. ಸ್ಟುಡಿಯೋಗೆ ಅಂಕ ಹಾಕುವವರು ಬೇಕು ಅಂತ ಗೊತ್ತಾಗಿ, ಟೀವಿಯ ಗಂಧಗಾಳಿ ಇಲ್ಲದಿದ್ದರೂ ಹೋಗಿ ಕೂತೆ.

ಕೊನೆಗೆ ಉಳಿದವರು ಇಬ್ಬರು: ನಾನು ಮತ್ತು ಟೈ ಕಟ್ಟಿಕೊಂಡು ಬಂದಿದ್ದ ಒಬ್ಬ ಇಂಗ್ಲಿಷ್ ಯುವಕ. ಪ್ರೊಡ್ಯೂಸರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನೀವಿಬ್ಬರೂ ನನಗೆ ಒಂದೇ ಥರ ಕಾಣ್ತಿದ್ದೀರಿ, ಆದ್ದರಿಂದ ನಮ್ಮ ಷೋದ ಪದ್ಧತಿಯಂತೆಯೇ ತೀರ್ಮಾನ ಆಗಲಿ ಅಂದಳು. ಸ್ಟುಡಿಯೋದ ಚಾವಣಿ ತೋರಿಸಿ, ಅಲ್ಲಿ ಎಷ್ಟು ದೀಪಗಳಿವೆ ಅಂತ ಎಣಿಸದೆ ಅಂದಾಜು ಹೇಳಿ, ಸರಿ ಉತ್ತರಕ್ಕೆ ಹತ್ತಿರ ಬಂದವರಿಗೆ ಕೆಲಸ ಅಂದಳು.

ಯುವಕ ತಲೆ ಎತ್ತಿ ನೋಡಿ ಒಂದು ಸಂಖ್ಯೆ ಹೇಳಿದ. ನಾನು ಬಾಯಿಗೆ ಬಂದ ಇನ್ನೊಂದು ಹೇಳಿದೆ. ಪ್ರೊಡ್ಯೂಸರ್ ಇಬ್ಬರ ಮುಖವನ್ನೂ ನೋಡುತ್ತಾ ನಿಂತಳು. ನಾನು ಮೆಲ್ಲಗೆ ಕೇಳಿದೆ: "ಸರಿ ಉತ್ತರ ಏನು?"

ಅವಳು ಚಾವಣಿ ನೋಡಿದಳು. ಅಲ್ಲೇ ಏಣಿ ಹಿಡಿದು ನಿಂತಿದ್ದ ಎಲೆಕ್ಟ್ರಿಷಿಯನ್ನನ್ನು ನೋಡಿದಳು. ಅವನು, ನನ್ನನ್ನು ಕೇಳಬೇಡಿ, ಅರ್ಧ ಉರಿಯುವುದೇ ಇಲ್ಲ ಅಂದ.

ಉತ್ತರ ಇದೆಯಾ ಅಂತ ಕೇಳುವ ಒಬ್ಬರೂ ಈ ಸ್ಟುಡಿಯೋದಲ್ಲಿ ಇರಲಿಲ್ಲ, ನೀನು ಸೋಮವಾರ ಬಾ ಅಂದಳು ನನಗೆ. ಆ ಯುವಕನನ್ನೂ ಕೈಬಿಡಲಿಲ್ಲ. ಪ್ರೇಕ್ಷಕರಿಗೆ ಯಾವಾಗ ಚಪ್ಪಾಳೆ ತಟ್ಟಬೇಕು ಅಂತ ಸನ್ನೆ ಮಾಡುವ ಕೆಲಸ ಕೊಟ್ಟಳು. ನನ್ನ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಅವನು ಸನ್ನೆ ಮಾಡಿಬಿಟ್ಟ. ಇಡೀ ಗ್ಯಾಲರಿ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿತು. ಸಾಫ್ಟ್‌ವೇರ್ ಪರೀಕ್ಷಿಸಿದ ಅಷ್ಟು ವರ್ಷಗಳಲ್ಲಿ ನನಗೆ ಯಾರೂ ಒಂದು ಚಿಟಿಕೆಯನ್ನೂ ಹೊಡೆದಿರಲಿಲ್ಲ.

೨. ಬೇಜಾರು ಮಾಡ್ಕೋಬೇಡಿ

ನಮ್ಮ ಷೋದಲ್ಲಿ ಟೈ ಆದರೆ ಒಂದು ಸಂಖ್ಯೆಯ ಪ್ರಶ್ನೆ ಕೇಳುತ್ತಾರೆ. ಹತ್ತಿರದ ಅಂದಾಜು ಹೇಳಿದವರು ಗೆದ್ದಂತೆ. ಒಂದು ಸಲ ಟೈ ಆದವರು ಒಬ್ಬ ನಿವೃತ್ತ ಹೆಡ್‌ಮಾಸ್ಟರ್ ಮತ್ತು ಹೂವಿನ ಅಂಗಡಿ ನಡೆಸುತ್ತಿದ್ದ ಒಬ್ಬ ಅಜ್ಜಿ. ಪ್ರಶ್ನೆ, ಕಡಲ ತೀರದ ಒಂದು ಲೈಟ್‌ಹೌಸಿನಲ್ಲಿ ಎಷ್ಟು ಮೆಟ್ಟಿಲುಗಳಿವೆ ಅಂತ. ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು ಇನ್ನೂರು ಅಂದರು.

ಅಜ್ಜಿ, ಅವರು ಓದಿದವರು, ಅವರು ಹೇಳಿದ ಮೇಲೆ ಸರಿಯೇ ಇರುತ್ತೆ, ನನ್ನದೂ ಇನ್ನೂರೇ ಅಂದರು. ಹಾಗೆ ಹೇಳುವಂತಿಲ್ಲ, ಬೇರೆ ಸಂಖ್ಯೆಯೇ ಆಗಬೇಕು ಅಂತ ನಿರೂಪಕ ವಿವರಿಸಿದ. ಅಜ್ಜಿ ಸಂಕಟಪಟ್ಟರು. ಹೆಡ್‌ಮಾಸ್ಟರರ ಕಡೆ ತಿರುಗಿ, ನಿಮ್ಮ ಮಾತು ತಪ್ಪು ಅಂತಲ್ಲ, ಇವರು ಬಲವಂತ ಮಾಡ್ತಿದ್ದಾರೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ ಅಂದು, ಆಮೇಲೆ ನಿರೂಪಕನಿಗೆ, "ಹಾಗಾದ್ರೆ ಇನ್ನೂರ ಒಂದು. ಒಂದೇ ಒಂದು ಜಾಸ್ತಿ" ಅಂದರು.

ಸರಿ ಉತ್ತರ ಇನ್ನೂರಕ್ಕಿಂತ ಬಹಳ ಮೇಲಿತ್ತು. ಅಜ್ಜಿ ಗೆದ್ದರು. ಬಹುಮಾನ ಕೈಗೆ ಬಂದ ಮೇಲೂ ಅವರು ಹೆಡ್‌ಮಾಸ್ಟರರ ತೋಳು ಹಿಡಿದು ಸಾರಿ, ಸಾರಿ ಅನ್ನುತ್ತಲೇ ಇದ್ದರು. ಕಾರ್ ಪಾರ್ಕಿನವರೆಗೂ ಅನ್ನುತ್ತಾ ಹೋದರು.

ಹೆಡ್‌ಮಾಸ್ಟರ್ ತಮ್ಮ ಕೋಟು ಮರೆತು ವಾಪಸ್ ಬಂದಾಗ, ಬೇಸರವಾಯಿತೇ ಅಂತ ನಾನು ವಿಚಾರಿಸಿದೆ. ಅವರು ನಿಟ್ಟುಸಿರು ಬಿಟ್ಟರು: "ಬೇಸರ ಪಡೋದಕ್ಕೆ ಆಕೆ ಅವಕಾಶವನ್ನೇ ಕೊಡಲಿಲ್ಲ."

೩. ಬಝರ್

ಬಝರ್ ಒತ್ತುವ ಸುತ್ತಿನ ಟೈ ಇನ್ನೊಂದು ಥರ. ಮೊದಲು ಒತ್ತಿದವರಿಗೆ ಉತ್ತರಿಸುವ ಹಕ್ಕು. ಒಂದು ದಿನ ಇಬ್ಬರು ಗಂಡಸರು ಒಟ್ಟಿಗೇ ಒತ್ತಿದರು. ಎರಡೂ ದೀಪ ಹೊತ್ತಿಕೊಂಡವು. ಯಂತ್ರಕ್ಕೇ ಗೊತ್ತಾಗದ ಮೇಲೆ ವಿಷಯ ನನ್ನ ಮೇಜಿಗೆ ಬಂತು.

ಇಬ್ಬರೂ ಬಝರ್ ಮೇಲಿಂದ ಕೈ ತೆಗೆಯದೆ, ಬಾಯಿ ಬಿಗಿಹಿಡಿದು ನಿಂತಿದ್ದರು. ಉತ್ತರ ಇಬ್ಬರ ನಾಲಿಗೆ ತುದಿಯಲ್ಲೂ ಇತ್ತು. ನಾನು ಮತ್ತು ಎಂಜಿನಿಯರ್ ಚಿತ್ರವನ್ನು ಹಿಂದೆ ಮುಂದೆ ಓಡಿಸಿ ನೋಡಿದೆವು. ಒಂದು ಕೋನದಲ್ಲಿ ಎಡಗಡೆಯವನ ಹೆಬ್ಬೆರಳು ಮುಂದೆ, ಇನ್ನೊಂದರಲ್ಲಿ ಬಲಗಡೆಯವನ ತೋರುಬೆರಳು. ಪ್ರೇಕ್ಷಕರಿಗೆ ಬಿಸ್ಕತ್ತು ಹಂಚಿದರು. ಸ್ಪರ್ಧಿಗಳಿಗೆ ಕೂರಲು ಸ್ಟೂಲು ತಂದರು. ಕೊನೆಗೆ ಎಡಗಡೆಯವನೇ ಕೂದಲೆಳೆಯಷ್ಟು ಮುಂಚೆ ಅಂತ ಖಚಿತವಾಗಿ, ನಾನು ಗಂಭೀರವಾಗಿ ತೀರ್ಪು ಕೊಟ್ಟೆ.

ನಿರೂಪಕ, ನಿಮ್ಮ ಉತ್ತರ ಹೇಳಿ ಅಂದ.

"ಪ್ರಶ್ನೆ ಏನಿತ್ತು?" ಅಂದ ಅವನು.

೪. ಮೆಣಸಿನ ಬಣ್ಣ

ನಾನು ಟೀವಿಯಲ್ಲಿ ಟೈ ಬಿಡಿಸುವವಳು ಅಂತ ಗೊತ್ತಾದ ಮೇಲೆ ನಮ್ಮ ಕನ್ನಡದವರು ಸುಮ್ಮನಿರುತ್ತಾರೆಯೇ? ದೀಪಾವಳಿಗೆ ಸ್ಟ್ಯಾನ್ಮೋರ್‌ನಲ್ಲಿ ಒಬ್ಬರ ದೊಡ್ಡ ಮನೆಯಲ್ಲಿ ಎಲ್ಲರೂ ಸೇರಿದಾಗ, ಮಕ್ಕಳಿಗೆ ಕನ್ನಡ ಉಳಿಯಬೇಕು ಅಂತ ಕನ್ನಡ ಕ್ವಿಜ್ ಇಟ್ಟರು. ಮಕ್ಕಳ ತಂಡ ಮೊದಲೇ ಸೋತು ಚಕ್ಕುಲಿ ತಿನ್ನುತ್ತಾ ಕೂತಿತ್ತು. ಕೊನೆಗೆ ಸಮ ಬಂದವರು ಬೆಂಗಳೂರಿನ ಒಬ್ಬ ಐಟಿ ಮಹಾಶಯರು ಮತ್ತು ಕುಂದಾಪುರ ಕಡೆಯ ಒಬ್ಬ ಟೀಚರ್. ಎಲ್ಲರೂ ನನ್ನ ಕಡೆ ತಿರುಗಿದರು.

ಊಟ ತಣ್ಣಗಾಗುತ್ತಿತ್ತು. ಸುಲಭದ ಒಂದು ಪ್ರಶ್ನೆ ಕೇಳಿ ಮುಗಿಸೋಣ ಅಂತ, "ಮೆಣಸಿನ ಬಣ್ಣ ಯಾವುದು?" ಅಂದೆ.

ಐಟಿಯವರು ಕಪ್ಪು ಅಂದರು. ಟೀಚರ್ ಕೆಂಪು ಅಂದರು. ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿದರು. ಸಾರಿಗೆ ಹಾಕುವ ಮೆಣಸು ಕೆಂಪಗಿರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಅಂತ ಇವರು. ಕೋಳಿ ಸುಕ್ಕಕ್ಕೆ ಹುರಿದು ಅರೆಯುವ ಮೆಣಸು ಕಪ್ಪಾದರೆ ಸುಟ್ಟಿದೆ ಅಂತ ಅರ್ಥ ಅಂತ ಅವರು. ಧಾರವಾಡದ ಒಬ್ಬ ಹಿರಿಯರು ಹಿಂದಿನಿಂದ, "ಹಸೀದಿದ್ರ ಹಸರು ಇರ್ತದಲ್ರೀ" ಅಂತ ಒಂದು ಸೇರಿಸಿ ಕೂತರು. ಮನೆ ಎರಡು ಹೋಳಾಯಿತು. ಅಡುಗೆಮನೆಯಿಂದ ಡಬ್ಬಿಗಳನ್ನು ಸಾಕ್ಷಿಗೆ ತಂದರು.

ಆಗ ಆತಿಥೇಯರ ಮಗಳು ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದಳು: "ಡು ಯು ಮೀನ್ ಪೆಪ್ಪರ್ ಆರ್ ಚಿಲ್ಲಿ?"

ಇಬ್ಬರೂ ತಮ್ಮ ತಮ್ಮ ಡಬ್ಬಿ ಮುಚ್ಚಿದರು. ಬಹುಮಾನ ಮಕ್ಕಳ ತಂಡಕ್ಕೇ ಕೊಟ್ಟೆ. ಕನ್ನಡ ಉಳಿಸಲು ಇಟ್ಟ ಸ್ಪರ್ಧೆಯನ್ನು ಅವತ್ತು ಇಂಗ್ಲಿಷ್ ಉಳಿಸಿತು.

೫. ನಿಂತ ನಾಣ್ಯ

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಇಬ್ಬರು ಹೆಂಗಸರ ಟೈ. ಒಬ್ಬರು ಲಂಡನ್ನಿನಲ್ಲೇ ಹುಟ್ಟಿ ಬೆಳೆದ, ಬಸ್ ಓಡಿಸಿ ನಿವೃತ್ತರಾದ ಗಟ್ಟಿಗಿತ್ತಿ. ಇನ್ನೊಬ್ಬರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ನರ್ಸಮ್ಮ, ಅವರೂ ನಿವೃತ್ತರು. ಇಬ್ಬರ ಗಂಡಂದಿರೂ ತೀರಿಕೊಂಡಿದ್ದರು. ಬಹುಮಾನ ಇಟಲಿಯ ಸರೋವರದ ದಡದಲ್ಲಿ ಇಬ್ಬರಿಗೆ ಒಂದು ವಾರದ ರಜೆ. ಇಬ್ಬರೂ ಅದನ್ನು ಮನಸಾರೆ ಬಯಸಿ ಬಂದವರು ಅಂತ ಮುಖದಲ್ಲೇ ಕಾಣುತ್ತಿತ್ತು.

ಟೈ ಆಯಿತು. ಟೈ ಬಿಡಿಸುವ ಪ್ರಶ್ನೆಗಳಲ್ಲಿ ಇಬ್ಬರೂ ಒಟ್ಟಿಗೆ ಸರಿ, ಇಲ್ಲವೇ ಒಟ್ಟಿಗೆ ತಪ್ಪು. ಪ್ರಶ್ನೆಗಳೇ ಮುಗಿದುಹೋದವು. ನಿಯಮದಲ್ಲಿ ಉಳಿದಿದ್ದು ಒಂದೇ ದಾರಿ, ನಾಣ್ಯ. ನಿರೂಪಕ ಜೇಬಿನಿಂದ ಒಂದು ಪೌಂಡ್ ತೆಗೆದು ಜೋರಾಗಿ ಚಿಮ್ಮಿದ. ಅದು ನೆಲಕ್ಕೆ ಬಿದ್ದು ಉರುಳಿತು, ಉರುಳಿ ಸೆಟ್ಟಿನ ಎರಡು ಹಲಗೆಗಳ ಸಂದಿನಲ್ಲಿ ಸಿಕ್ಕಿ ನೆಟ್ಟಗೆ ನಿಂತುಬಿಟ್ಟಿತು. ರಾಣಿಯ ಮುಖವೂ ಇಲ್ಲ, ಹಿಂಬದಿಯೂ ಇಲ್ಲ.

ಇಡೀ ಸ್ಟುಡಿಯೋ ಬಗ್ಗಿ ನೋಡಿತು. ನರ್ಸಮ್ಮ ತಮ್ಮಷ್ಟಕ್ಕೆ ಕನ್ನಡದಲ್ಲಿ ಗೊಣಗಿದರು: "ಇದಕ್ಕೂ ನನ್ನ ಹಾಗೆ ಕೂತ್ಕೊಳ್ಳಿಕ್ಕೆ ಮಂಡಿನೋವು ಕಾಣ್ತದೆ." ನಾನೊಬ್ಬಳೇ ಪಕ್ಕನೆ ನಕ್ಕೆ. ತೀರ್ಪುಗಾರ್ತಿ ನಗುವಂತಿಲ್ಲ. ಪ್ರೊಡ್ಯೂಸರ್ ನನ್ನ ಇಯರ್‌ಫೋನಿನಲ್ಲಿ ಕೆಮ್ಮಿದಳು.

ಮತ್ತೊಮ್ಮೆ ಚಿಮ್ಮಲು ನಿರೂಪಕ ನಾಣ್ಯವನ್ನು ಕೀಳುತ್ತಿದ್ದಾಗ ನರ್ಸಮ್ಮ ಪಕ್ಕಕ್ಕೆ ತಿರುಗಿ, ಗೆದ್ದರೆ ನೀನು ಯಾರನ್ನು ಕರೆದುಕೊಂಡು ಹೋಗ್ತೀ ಅಂತ ಕೇಳಿದರು. ಅದನ್ನು ಯೋಚನೆ ಮಾಡಿಲ್ಲ, ಮಗ ಆಸ್ಟ್ರೇಲಿಯಾದಲ್ಲಿ, ಹಾಗೆ ಯಾರೂ ಇಲ್ಲ ಅಂದರು ಬಸ್ಸಮ್ಮ. ನನಗೂ ಯಾರೂ ಇಲ್ಲ ಅಂದ ನರ್ಸಮ್ಮ, ನಿರೂಪಕನ ಕಡೆ ತಿರುಗಿ ಕೇಳಿದರು:

"ಟಿಕೆಟ್ ಎರಡು, ನಾವೂ ಎರಡು. ಮತ್ತೆ ನಾಣ್ಯ ಯಾಕೆ?"

ಪ್ರೊಡ್ಯೂಸರ್ ನನ್ನ ಕಿವಿಯಲ್ಲಿ, ಇದಕ್ಕೆ ನಿಯಮ ಇದೆಯಾ ಅಂತ ಕೇಳಿದಳು. ಬೇಡ ಅಂತ ಎಲ್ಲೂ ಇಲ್ಲ ಅಂದೆ. ಚಪ್ಪಾಳೆಯ ಯುವಕ ಸನ್ನೆ ಮಾಡುವುದನ್ನೇ ಮರೆತು ತಾನೇ ಮೊದಲು ತಟ್ಟಿದ. ನನ್ನ ಕಣ್ಣು ಒದ್ದೆಯಾಗಿದ್ದನ್ನು ಯಾರೂ ನೋಡಲಿಲ್ಲ, ಯಾಕೆಂದರೆ ಎಲ್ಲರೂ ತಮ್ಮ ತಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊರಗೆ ಹೋಗುವಾಗ ನಾನು ಕನ್ನಡದಲ್ಲಿ ಮಾತಾಡಿಸಿದೆ. ನರ್ಸಮ್ಮ ನನ್ನ ಕೆನ್ನೆ ಹಿಡಿದು, ಆಗ ನಕ್ಕದ್ದು ನೀನೆಯಾ ಅಂತ ಕೇಳಿ ನಂಬರ್ ತೆಗೆದುಕೊಂಡರು.

ಕೆಲವು ವಾರಗಳ ಮೇಲೆ ಇಟಲಿಯಿಂದ ಫೋನ್ ಬಂತು. "ಮಾರಾಯ್ತಿ, ಇಲ್ಲೊಂದು ಟೈ ಆಗಿದೆ" ಅಂದರು ನರ್ಸಮ್ಮ. ಹೋಟೆಲ್ ರೂಮಿನಲ್ಲಿ ಎರಡು ಹಾಸಿಗೆ, ಸರೋವರ ಕಾಣುವ ಕಿಟಕಿ ಪಕ್ಕದ್ದು ಒಂದೇ. ಇಬ್ಬರಿಗೂ ಅದೇ ಬೇಕು. ನೀನು ಹೇಳಿದ ಹಾಗೆ ಕೇಳ್ತೇವೆ ಅಂದರು. ಇಬ್ಬರು ಹೆಂಗಸರು ಅಷ್ಟು ದೂರ ಹೋಗಿ, ನಗುತ್ತಾ ಜಗಳವಾಡಿ, ನನ್ನನ್ನು ನೆನೆದರಲ್ಲ ಅಂತ ನನ್ನ ಎದೆ ತುಂಬಿತು.

ಫೋನನ್ನು ಸ್ಪೀಕರಿಗೆ ಹಾಕಿ ಅಂದೆ. ಸ್ಟುಡಿಯೋದ ದನಿ ತೆಗೆದು ಇಂಗ್ಲಿಷಿನಲ್ಲಿ, ಇದು ಕೊನೆಯ ಪ್ರಶ್ನೆ, ಗೊರಕೆ ಹೊಡೆಯುವವರು ಬಾಗಿಲ ಪಕ್ಕ, ಇನ್ನೊಬ್ಬರು ಕಿಟಕಿ ಪಕ್ಕ ಅಂತ ನಿಯಮ ಹೇಳಿದೆ. ಆಮೇಲೆ, ನಿಮ್ಮಿಬ್ಬರಲ್ಲಿ ಗೊರಕೆ ಹೊಡೆಯುವವರು ಯಾರು ಅಂತ ಕೇಳಿದೆ.

ಎರಡೂ ದನಿಗಳು ಒಂದೇ ಕ್ಷಣಕ್ಕೆ ಬಂದವು:

"ಅವಳು."