ಹಾಡುಹಕ್ಕಿ, ಇಲಿ ಮತ್ತು ನಮ್ಮ ಮಾವ

ಇಲಿಯನ್ನು ಗುರುವೆಂದು ಒಪ್ಪಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಕುವೈತಿನ ಮೈದಾನ್ ಹವಲ್ಲಿಯ ಫ್ಲ್ಯಾಟಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಪ್ರಾಣಿಶಾಸ್ತ್ರದ ಬಿ.ಎಸ್ಸಿ., ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಮಾವ ಏಳನೆಯ ಕ್ಲಾಸು, ಆದರೆ ಸಿದ್ಧಾಂತಗಳಿಗೆ ಬರವಿರಲಿಲ್ಲ.

ಅವರಿಗೆ ಯಕ್ಷಗಾನದ ಹುಚ್ಚು. ಬೆಳಿಗ್ಗೆ ಬಚ್ಚಲಲ್ಲಿ ಭಾಗವತರಂತೆ ಏರುಶ್ರುತಿಯಲ್ಲಿ ಪದ ಎತ್ತಿದರೆ ಅಕ್ಕಪಕ್ಕದವರಿಗೆ ಅಲಾರಂ ಬೇಕಿರಲಿಲ್ಲ. ಕೆಳಮನೆಯ ಈಜಿಪ್ಟಿನವರು ಒಮ್ಮೆ, ಯಾರೋ ಬಿಸಿನೀರು ಮೈಮೇಲೆ ಸುರಿದುಕೊಂಡರೆಂದು ಓಡಿ ಬಂದಿದ್ದರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನಿಕರು ಬಂದರು. ಮಾವನ ಹಾಡು ನಿಂತಿತು. ಕಾರಣ ಕೇಳಿದರೆ, ಎಂದೋ ಪತ್ರಿಕೆಯಲ್ಲಿ ಓದಿದ ಹಕ್ಕಿಯ ಕಥೆ ತೆಗೆದರು. ದೂರದ ದ್ವೀಪದ ಹಾಡುಹಕ್ಕಿಯಂತೆ. ಬೇಟೆಗಾರರು ಅದರ ದನಿಯಲ್ಲೇ ಸಿಳ್ಳೆ ಹಾಕಿದರೆ, ನಮ್ಮವರೇ ಇರಬೇಕೆಂದು ಓಡಿ ಬರುತ್ತಿತ್ತಂತೆ. ಈಗ ಒಂದೂ ಉಳಿದಿಲ್ಲ.

"ಇಲಿ ನೋಡು ಅಳಿಯ, ಹಾಡುದಿಲ್ಲ, ಕರೆದ್ರೆ ಬರುದಿಲ್ಲ. ಎಲ್ಲಾ ಕಡೆ ಉಂಟು."

"ಹಕ್ಕಿಯನ್ನು ಇಲಿಗೆ ಹೋಲಿಸ್ಲಿಕ್ಕಾಗುದಿಲ್ಲ ಮಾವ. ಎರಡರ ವರ್ಗವೇ ಬೇರೆ."

"ನಿನ್ನ ವರ್ಗ ಅಲ್ಲಿರ್ಲಿ. ಉಳಿದದ್ದು ಯಾರು, ಅದು ಹೇಳು."

ಬಿ.ಎಸ್ಸಿ. ಎದ್ದು ಚಹಾಕ್ಕೆ ನೀರಿಟ್ಟಿತು.

ಅಂದಿನಿಂದ ಮನೆಯಲ್ಲಿ ಇಲಿಧರ್ಮ ಜಾರಿಗೆ ಬಂತು. ಗೋಡೆ ಬದಿಯಲ್ಲೇ ನಡೆಯಬೇಕು, ಪಿಸುಗುಟ್ಟಬೇಕು, ಸಿಕ್ಕಿದ್ದನ್ನು ಕೂಡಿಡಬೇಕು. ಮಂಚದಡಿಯ ಕುಬ್ಬೂಸ್ ರೊಟ್ಟಿ ಒಣಗಿ ಮಂಗಳೂರು ಹೆಂಚಾಯಿತು. ಅಡುಗೆಮನೆಯ ನಿಜವಾದ ಇಲಿ ಅದನ್ನು ಮೂಸಿ ಬಿಟ್ಟು, ನನ್ನ ಪದವಿಪತ್ರದ ಮೂಲೆ ತಿಂದಿತು. ಅಮ್ಮ ಬೀಡಿ ಕಟ್ಟಿ ಓದಿಸಿದ ಪದವಿ! ನಾನು ಪೊರಕೆ ಎತ್ತಿದೆ. ಮಾವ ಅಡ್ಡ ಬಂದರು.

"ಬಿಡು ಮಾರಾಯ. ಅದೂ ಈಗ ಗ್ರಾಜುಯೇಟ್."

ಕೊನೆಗೆ ಬಸ್ಸು ಹಿಡಿದು, ಇರಾಕ್ ದಾಟಿ, ಜೋರ್ಡಾನಿನ ಗಡಿ ತಲುಪಿದೆವು. "ಎಂತ ಆದ್ರೂ ಬಾಯಿ ಬಿಡ್ಬೇಡ" ಎಂದು ದಾರಿಯುದ್ದಕ್ಕೂ ಮಾವನ ಉಪದೇಶ. ಮರಳಿನಲ್ಲಿ ಡೇರೆಗಳು, ಕಣ್ಣು ಹೋದಷ್ಟು ದೂರ ಜನ. ನೀರಿನ ಟ್ಯಾಂಕರಿಗೆ ಓಡಿದ ನಾನು ಮರಳುವಷ್ಟರಲ್ಲಿ ಧೂಳೆದ್ದಿತು. ಎಲ್ಲ ಡೇರೆಗಳೂ ಒಂದೇ ಥರ. ನಮ್ಮನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಬಸ್ಸು ಹೊರಡುವುದರಲ್ಲಿತ್ತು. ಎಷ್ಟು ಹುಡುಕಿದರೂ ಮಾವ ಕಾಣಲಿಲ್ಲ. ನನ್ನ ಪ್ರಾಣಿಶಾಸ್ತ್ರ ಯಾವ ದಾರಿಯನ್ನೂ ಹೇಳಿಕೊಡಲಿಲ್ಲ.

ಆಗ ಕೇಳಿಸಿತು. ಬಚ್ಚಲಿನದೇ ಪದ, ಅದೇ ಏರುಶ್ರುತಿ. ಬಂದೂಕು ಹಿಡಿದ ಗಡಿ ಕಾವಲಿನವರೂ ತಿರುಗಿ ನೋಡುತ್ತಿದ್ದರು. ಡ್ರಮ್ಮೊಂದರ ಮೇಲೆ ನಿಂತು, ಕಣ್ಣು ಮುಚ್ಚಿ, ಮಾವ ಹಾಡುತ್ತಿದ್ದರು. ದನಿ ಒಡೆದು ಹೋಗಿತ್ತು. ಆದರೂ ನಿಲ್ಲಿಸಿರಲಿಲ್ಲ.

ನಾನು ಓಡಿದೆ. ಅವರ ಕಾಲು ಹಿಡಿದಾಗಲೇ ಕಣ್ಣು ತೆರೆದರು.

"ಇಲಿಯ ಪಾಠ ಎಂತಾಯ್ತು ಮಾವ?"

ಮಾವ ನನ್ನ ಹೆಗಲು ಹಿಡಿದು ಮೆಲ್ಲನೆ ಕೆಳಗಿಳಿದರು.

"ಇಲಿಗೆ ಅಳಿಯ ಉಂಟಾ ಮಾರಾಯ?"