ಮಾವನ ಬಸುರಿ ಪಥ್ಯ

ನಮ್ಮ ಸೋದರಮಾವ ಹನ್ನೊಂದು ಸಲ ಬಸಿರಾಗಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಹಡೆಯುವುದೊಂದನ್ನು ಬಿಟ್ಟು ಆ ಸ್ಥಿತಿಯ ಸಕಲ ಕಟ್ಟಳೆಗಳನ್ನೂ ಅವರು ಪಾಲಿಸಿದ್ದಾರೆ, ಸಾಕ್ಷಿಗೆ ನಾನಿದ್ದೇನೆ! ಕಟಕೋಳದ ಒಕ್ಕಲುತನದ ಮನುಷ್ಯ. ತಲೆಗೆ ಪಟಕ, ತುಟಿಯ ಮೇಲೆ ಕುಡುಗೋಲಿನಂಥ ಮೀಸೆ. ಬಳಗದ ಯಾವ ಹೆಣ್ಣುಮಗಳು ಬಸಿರಾದರೂ ಆಕೆಗೆ ಕೊಟ್ಟದ್ದನ್ನೇ ತಿನ್ನುವುದು, ಆಕೆಗೆ ಬೇಡವೆಂದದ್ದನ್ನು ತಾವೂ ಬಿಡುವುದು ಅವರ ವ್ರತ.

ಸವದತ್ತಿಯ ಒಂದು ಮದುವೆಯಲ್ಲಿ ಎಣ್ಣೆಗಾಯಿ ಬಡಿಸಲು ಬಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಬದನಿಕಾಯಿ ಬ್ಯಾಡೋ ತಮ್ಮಾ. ನನಗ ಐದು ತಿಂಗಳ."

ಬಡಿಸುವವನು ಸೌಟು ಹಿಡಿದು ನಿಂತೇಬಿಟ್ಟ. ಅವರ ಹೊಟ್ಟೆಯನ್ನೊಮ್ಮೆ ನೋಡಿ, "ಬರೇ ಐದ ಏನ್ರಿ ಯಜಮಾನ್ರ? ನಾ ಒಂಬತ್ತು ತುಂಬ್ಯಾವ ಅನ್ಕೊಂಡಿದ್ನಿ!" ಎಂದ.

ಪಂಕ್ತಿಯೆಲ್ಲ ನಕ್ಕಿತು. ಮಾವ ನಗಲಿಲ್ಲ. ರಾಮದುರ್ಗದಲ್ಲಿದ್ದ ಬಳಗದ ಹುಡುಗಿಯೊಬ್ಬಳಿಗೆ ಆಗ ಐದು ತಿಂಗಳು; ನಂಜೆಂದು ಆಕೆಗೆ ಬದನೆ ಬಿಡಿಸಿದ್ದರು.

ಬಯಕೆ ಊಟದ ಆಸೆಗೆ ಮುದುಕ ಈ ಸೋಗು ಹಾಕುತ್ತಾನೆಂಬುದು ಬಳಗದವರೆಲ್ಲ ಒಪ್ಪಿದ ಕಥೆ. ಎಲ್ಲರೂ ಒಪ್ಪಿದ್ದನ್ನು ನಾನು ಒಪ್ಪುವುದು ಅಪರೂಪ. ಬರಿಯ ಆಸೆಬುರುಕನಾದರೆ ಕಬ್ಬಿಣಾಂಶದ ಗುಳಿಗೆಯನ್ನೇಕೆ ನುಂಗಬೇಕು? ನರ್ಸಬಾಯಿ ಕೊಡುತ್ತಿದ್ದ ಆ ಗುಳಿಗೆಗಳಿಂದ ಹೊಟ್ಟೆ ಕಟ್ಟುತ್ತದೆಂದು ಹೆಂಗಸರು ಹಿತ್ತಲಿಗೆ ಎಸೆಯುತ್ತಿದ್ದರು. ಮಾವ ಎಂಟು ದಿನ ತಾವೇ ನುಂಗಿ, ಒಂಬತ್ತನೆಯ ದಿನ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟರು: "ಕಟ್ಟೂದು ಖರೇ. ಆದ್ರ ಗುಳಿಗಿ ಬಿಡಬ್ಯಾಡ್ರಿ. ತಪ್ಪಲ ಪಲ್ಯೆ ತಿನ್ರಿ, ನೀರು ಕುಡೀರಿ, ಮಜ್ಜಿಗಿ ಕುಡೀರಿ." ಇಷ್ಟು ಗಂಭೀರವಾಗಿ ತನ್ನ ಹೊಟ್ಟೆಯನ್ನು ಊರಿಗೆ ಒಪ್ಪಿಸಿದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ!

ತೊಂಬತ್ತರ ದಶಕದ ನಡುವೆ, ಕಿತ್ತೂರಿಗೆ ಕೊಟ್ಟ ನನ್ನ ಮಗಳು ಎರಡನೆಯ ಸಲ ಬಸಿರಾದಳು. ಮೊದಲನೆಯದು ನಿಂತಿರಲಿಲ್ಲ. ಹಾಗಾಗಿ ಅವಳ ಅತ್ತೆ, ಎಂದರೆ ನಮ್ಮ ಬೀಗತಿ, ಬಹಳ ಅಂಜಿದ್ದರು. ಮಜ್ಜಿಗೆ ಥಂಡಿ, ಸೊಪ್ಪು ವಾಯು, ನೀರು ಹೆಚ್ಚಾದರೆ ಕೂಸಿಗೆ ಕೇಡು! ಉಳಿದದ್ದು ಒಣ ರೊಟ್ಟಿ, ಚಟ್ನಿಪುಡಿ, ಅರ್ಧ ಲೋಟ ನೀರು. ನಾನಿದ್ದ ಬೈಲಹೊಂಗಲದಿಂದ ನಾನೂ ಮಾವನೂ ನೋಡಲು ಹೋದಾಗ ಆರು ತಿಂಗಳ ಬಸುರಿಯ ಕಣ್ಣುಗಳು ಗುಳಿಬಿದ್ದಿದ್ದವು. ಏನು ನೋವೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಆರೋಗ್ಯದ ಕುರಿತು ಓದಿದ್ದನ್ನೆಲ್ಲ ನಾನು ಬೀಗತಿಯ ಮುಂದೆ ಒಪ್ಪಿಸಿದೆ.

"ಪುಸ್ತಕ ಹಡೀತಾವೇನ್ರಿ ಬೀಗರ?" ಎಂದರು.

ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು!

ಮಾವ ವಾದಕ್ಕಿಳಿಯಲಿಲ್ಲ. "ಅಕ್ಕಾರ, ಆಕಿಗೆ ಏನು ಕೊಡತೀರಿ, ನನಗೂ ಅಷ್ಟ ಕೊಡ್ರಿ" ಎಂದು ಅಲ್ಲಿಯೇ ಉಳಿದರು. ಅವರನ್ನು ಬಿಟ್ಟು ಬರಲಾರದೆ ನಾನೂ ಉಳಿದೆ. ನನಗೆ ಹೋಳಿಗೆ, ತುಪ್ಪ. ಅವರಿಗೆ ಒಣ ರೊಟ್ಟಿ! ಮೂರನೆಯ ದಿನ ಮುಂಜಾನೆ, ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದಾಗ, ಗಟ್ಟಿಯಾಗಿ ಸಾರಿದರು:

"ಅಕ್ಕಾರ, ಮೂರು ದಿನ ಆತ್ರಿ. ಹೊಟ್ಟಿ ಕಲ್ಲಾಗೇತಿ. ಹೊರಕಡಿ ಆಗವಲ್ದು."

ಭೂಮಿ ಬಾಯ್ತೆರೆಯಬಾರದೇ ಎನಿಸಿತು ನನಗೆ. ಉಳಿಯಲು ಬಂದ ಬೀಗರ ಹೊಟ್ಟೆ ಕೆಟ್ಟರೆ ಮನೆಯ ಮಾನ ಹೋದಂತೆಯೇ. ಬೀಗತಿ ಒಳಗೆ ಓಡಿ, ತಂಬಿಗೆ ತುಂಬ ಮಜ್ಜಿಗೆ ತಂದು ಮುಂದಿಟ್ಟರು. ಮಾವ ಮುಟ್ಟಲಿಲ್ಲ.

"ನನಗ ಮೂರ ದಿನ. ಆಕಿಗೆ ಎಷ್ಟು ದಿನ ಆಗೇತಿ, ಕೇಳೀರೇನ್ರಿ?"

ಬೀಗತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ತಗ್ಗಿದ ದನಿಯಲ್ಲಿ ಕೇಳಿದರು. ಉತ್ತರ ನಮಗೆ ಕೇಳಿಸಲಿಲ್ಲ. ಈಚೆ ತಿರುಗಿದವರ ಕಣ್ಣಲ್ಲಿ ನೀರಿತ್ತು. "ಎಂಟು ದಿನ! ನನಗ ಒಂದ ಮಾತು ಹೇಳಬಾರದೇನವ್ವಾ?" ಎನ್ನುತ್ತ ಅದೇ ತಂಬಿಗೆಯನ್ನೆತ್ತಿ ಅವಳ ಕೈಗೆ ಕೊಟ್ಟರು.

ಹಿರಿಯರ ಎದುರಿಗೆ ಕುಡಿಯಲು ಮಗಳು ಹಿಂಜರಿದಳು. ಮಾವ ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತರು.

"ಕುಡಿಯವ್ವಾ. ನಾ ನೋಡೂದಿಲ್ಲ."

ಚೊಚ್ಚಲ ಬಸಿರಿನಲ್ಲೇ ತೀರಿಹೋದ ತಮ್ಮ ಹೆಂಡತಿಯ ಮಾತನ್ನು ನಲವತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಎತ್ತಿದವರಲ್ಲ. ಆಗ ಎತ್ತಿದರು, ನನ್ನನ್ನು ನೋಡದೆ, ಗೋಡೆಗೆ ಹೇಳುವಂತೆ:

"ನಿಮ್ಮತ್ತಿ ಹಿಂಗ ಹೊಟ್ಟಿ ಹಿಡಕೊಂಡು ಕುಂಡ್ರತಿದ್ದಳೋ. ಹೇಳಾಕ ಆಕಿ ನಾಚಿದಳು. ಕೇಳಾಕ ನಾನೂ ನಾಚಿದೆ."

ಬರಿದಾದ ತಂಬಿಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಮಾವ ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.