ಜರ್ಮನ್ ಪ್ರಸಂಗಕ್ಕೆ ಭಾವನ ಅರ್ಥ

ನನ್ನ ಭಾವನಿಗೆ ಜರ್ಮನ್ ಅಂದರೆ ನೀರು ಕುಡಿದಷ್ಟು ಸುಲಭ. ಒಂದೇ ತೊಂದರೆ, ಆ ಭಾಷೆಯ ಒಂದಕ್ಷರವೂ ಅವರಿಗೆ ಬರುತ್ತಿರಲಿಲ್ಲ!

ಎಂಬತ್ತರ ದಶಕದ ಬಹ್ರೈನ್. ಅಕ್ಕನ ಸಂಸಾರ ರಿಫಾದಲ್ಲಿ, ನನ್ನ ಠಿಕಾಣಿಯೂ ಅಲ್ಲೇ. ಭಾವ ಸಿತ್ರಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಊರಿಗೆ ಹೊರಟ ಜರ್ಮನ್ ಎಂಜಿನಿಯರೊಬ್ಬ ಕಂತುಗಳಲ್ಲಿ ಸಾಗುವ ಒಂದು ಉದ್ದದ ಸಿನಿಮಾದ ವೀಡಿಯೊ ಕ್ಯಾಸೆಟ್ಟುಗಳ ಕಟ್ಟನ್ನೇ ಅವರ ಕೈಗಿಟ್ಟು ಹೋದ. ಅವನ ದೇಶದ ದೊಡ್ಡ ಕಾದಂಬರಿಯೊಂದರಿಂದ ತೆಗೆದದ್ದಂತೆ. ಎರಡು ಮಹಾಯುದ್ಧಗಳ ನಡುವೆ ಪಟ್ಟಣದಲ್ಲಿ ಕೆಲಸ ಕಳೆದುಕೊಂಡವನ ಕಥೆಯಂತೆ. ಭಾವನಿಗೆ ಅಷ್ಟೇ ಸಾಕಾಯಿತು! ಊರಿನ ತಾಳಮದ್ದಳೆಗಳಲ್ಲಿ ವೇಷವಿಲ್ಲದೆ ಕೂತಲ್ಲೇ ರಾಮ, ರಾವಣರಾಗಿ ಆಶುವಾಗಿ ಮಾತು ಹೆಣೆದು ಅರ್ಥ ಹೇಳುತ್ತಿದ್ದ ಬಾಯಿ, ಮರಳುಗಾಡಿಗೆ ಬಂದು ತುರಿಸುತ್ತಿತ್ತು. ಶುಕ್ರವಾರ ಊಟವಾದ ಮೇಲೆ ಟೀವಿಯ ಧ್ವನಿ ಅಡಗಿಸಿ, ಚಕ್ಕಳಮಕ್ಕಳ ಹಾಕಿ, ಆ ನಾಯಕನೇ ತಾನಾಗಿ ಕನ್ನಡದಲ್ಲಿ ಶುರು ಮಾಡುತ್ತಿದ್ದರು.

ಸಲ್ಮಾಬಾದಿನ ಗ್ಯಾರೇಜಿನಿಂದ ಇದನ್ನು ಕೇಳಲೆಂದೇ ಬರುತ್ತಿದ್ದ ಶೇಖರಣ್ಣ ಒಮ್ಮೆ ಕೇಳಿಯೇಬಿಟ್ಟ: "ಅಲ್ಲ ಮಾರಾಯ್ರೆ, ನಿಮಗೆ ಜರ್ಮನ್ ಬರ್ತದಾ?"

"ಕೌರವನ ಅರ್ಥ ಹೇಳ್ಲಿಕ್ಕೆ ನಾನು ಹಸ್ತಿನಾವತಿಗೆ ಹೋಗಿ ಬಂದದ್ದಾ? ಸುಮ್ಮನೆ ಕೂತ್ಕೊ!"

ನಾಯಕ ಬಾಡಿಗೆಗಿದ್ದ ಮನೆಯ ಒಡತಿಯನ್ನು ಭಾವ ಮೊದಲ ವಾರವೇ ಅವನ ಹೆಂಡತಿ ಮಾಡಿ, ಶೃಂಗಾರ ಹರಿಸಿ ನಮ್ಮನ್ನು ಕರಗಿಸಿದ್ದರು. ಮೂರನೇ ವಾರ ಪೆಟ್ಟಿಗೆ ಹಿಡಿದು ಬಂದವಳೊಬ್ಬಳು ಬಾಗಿಲಲ್ಲೇ ನಾಯಕನನ್ನು ತಬ್ಬಿಕೊಂಡಳು. ಜೊತೆಗೆ ಅವನದೇ ಮೂಗಿನ ಮಗು! ನಾವೆಲ್ಲ ಭಾವನ ಮುಖ ನೋಡಿದೆವು. ಭಾವ ಒಮ್ಮೆ ಕೆಮ್ಮಿದರು.

"ಇಷ್ಟು ದಿನ ನಾನು ಕಂಡದ್ದು ಕನಸು!" ಎಂದರು.

ಅಕ್ಕ ಮಾತ್ರ ನಗುತ್ತಿರಲಿಲ್ಲ. ಆಗ ಸಿತ್ರಾದಲ್ಲಿ ಜನ ಕಡಿಮೆ ಮಾಡುತ್ತಿದ್ದ ಕಾಲ. ಕೆಲಸ ಹೋದರೆ ವೀಸಾ ಹೋಯಿತು, ಮಕ್ಕಳ ಶಾಲೆಯೂ ಹೋಯಿತು. "ನಿಮ್ಮಲ್ಲಿ ಎಂತ ಸುದ್ದಿ?" ಎಂದು ಅವಳು ಕೇಳಿದರೆ ಭಾವ, "ನಾನಿಲ್ಲದೆ ಆ ಪಂಪು ತಿರುಗ್ತದಾ?" ಎಂದು ಬುತ್ತಿ ಹಿಡಿದು ಹೊರಟುಬಿಡುತ್ತಿದ್ದರು.

ಕೊನೆಯ ಕ್ಯಾಸೆಟ್ಟು. ನಾಯಕ ಕೋಟು ಹಾಕಿ, ಚೀಲ ಹಿಡಿದು ಕೆಲಸಕ್ಕೆಂದು ಹೊರಟವನು ದಿನವಿಡೀ ಪಾರ್ಕಿನಲ್ಲಿ ಕೂತ. ಸಂಜೆ ಮನೆಗೆ ಬಂದ. ಹೆಂಡತಿ ಸೂಪು ಬಡಿಸಿದಳು. ಭಾವನ ಬಾಯಿ ಬಂದ್!

"ಭಾವ, ಅರ್ಥ!" ಎಂದು ತಿವಿದೆ.

"ನಾನು..." ಎಂದರು. "ನಾನು ದಿನಾ ಕೆಲಸಕ್ಕೆ ಹೋಗುವುದು ಸುಳ್ಳು. ನನ್ನನ್ನು ತೆಗೆದುಹಾಕಿದ್ದಾರೆ. ನಿನ್ನ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ."

"ಭೇಷ್!" ಎಂದ ಶೇಖರಣ್ಣ. ಪಾಪ, ಅವನಿಗೆ ಅದು ಸಿನಿಮಾದ ಮಾತು. ಭಾವನ ಕಣ್ಣು ಟೀವಿಯ ಮೇಲಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನ ಮೇಲಿತ್ತು.

ಅಕ್ಕ ಬಂದು ಎದುರಿಗೆ ಕೂತಳು. ಜನ್ಮದಲ್ಲಿ ಅರ್ಥ ಹೇಳಿದವಳಲ್ಲ. ಟೀವಿಯ ಹೆಂಡತಿಯ ಪರವಾಗಿ ಹೇಳತೊಡಗಿದಳು:

"ನನಗೆ ಗೊತ್ತುಂಟು. ನಿಮ್ಮ ಅಂಗಿಯಲ್ಲಿ ಎಣ್ಣೆಕಲೆ ಇಲ್ಲದೆ ಎಷ್ಟು ಸಮಯ ಆಯ್ತು! ಒಗೆಯುವವಳು ನಾನಲ್ಲವಾ? ಹೇಳುವಾಗ ಹೇಳ್ಲಿ ಅಂತ ಸುಮ್ಮನಿದ್ದೆ. ಊರಿಗೆ ಹೋಗ್ಬೇಕಾ? ಹೋಗುವ, ಎಲ್ರೂ ಒಟ್ಟಿಗೇ ಹೋಗುವ. ಆದ್ರೆ ನಾಳೆಯಿಂದ ಒಬ್ರೇ ಹೋಗಿ ಪಾರ್ಕಿನಲ್ಲಿ ಕೂತ್ಕೊಳ್ಬೇಡಿ."

ಎಂಥ ಎದುರಾಳಿಗೂ ಮಾತಿನಲ್ಲಿ ಸೋತವರಲ್ಲ ನಮ್ಮ ಭಾವ. ಅಂದು ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಕೈ ಚಾಚಿ ಟೀವಿ ಆರಿಸಿದಳು.